ಎರಡು ಮೋಟಾರಿನ ಅಕ್ಷ: ಹೋಮಿಂಗ್ ಮುಗಿದರೂ ಗ್ಯಾಂಟ್ರಿ ಓರೆ ಏಕೆ?

ಪ್ರಶ್ನೆ: ಹವ್ಯಾಸಕ್ಕೆಂದು ಜೋಡಿಸಿಕೊಂಡ ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ಆದೇಶದಂತೆ ಹಲಗೆ ಕತ್ತರಿಸುವ ಯಂತ್ರ) ಕತ್ತರಿಸುವ ಉಪಕರಣವನ್ನು ಹೊತ್ತು ಸಾಗುವ ಅಡ್ಡ ಸೇತುವೆಯೇ ಗ್ಯಾಂಟ್ರಿ. ಅದನ್ನು ಸಾಗಿಸಲು ವೈ ಅಕ್ಷದ ಎರಡೂ ಬದಿಗೆ ಒಂದೊಂದು ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಮತ್ತು ಲೀಡ್‌ಸ್ಕ್ರೂ (ಉದ್ದನೆಯ ತಿರುಪು) ಇವೆ. ಗ್ಯಾಂಟ್ರಿ ತುದಿ ತಲುಪಿದಾಗ ಒತ್ತಿಕೊಳ್ಳುವ ಲಿಮಿಟ್ ಸ್ವಿಚ್ ಬದಿಗೊಂದು ಹಾಕಿ, ಎರಡನ್ನೂ ಕಂಟ್ರೋಲರಿನ ಒಂದೇ ಇನ್‌ಪುಟ್‌ಗೆ ಜೋಡಿಸಿದ್ದೇನೆ. ಹೋಮಿಂಗ್, ಅಂದರೆ ಸ್ವಿಚ್ ಮುಟ್ಟುವವರೆಗೆ ಸಾಗಿ ಆರಂಭದ ಸ್ಥಾನ ಕಂಡುಕೊಳ್ಳುವ ಕೆಲಸ, ಸರಾಗವಾಗಿ ಮುಗಿಯುತ್ತದೆ. ಆದರೂ ಕತ್ತರಿಸಿದ ಹಲಗೆಯ ಮೂಲೆಗಳು ಲಂಬವಾಗಿ ಬರುವುದಿಲ್ಲ; ಆ ಓರೆಯೂ ಯಂತ್ರವನ್ನು ಆನ್ ಮಾಡಿದಾಗಲೆಲ್ಲ ಸ್ವಲ್ಪ ಬದಲಾಗುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಮೊದಲ ತಪ್ಪು ವೈರಿಂಗ್‌ನಲ್ಲಿದೆ. ಎರಡು ಸ್ವಿಚ್‌ಗಳು ಒಂದೇ ಇನ್‌ಪುಟ್‌ಗೆ ಸೇರಿದ್ದರೆ ಯಾವುದೋ ಒಂದು ಒತ್ತಿದೆ ಎಂಬುದಷ್ಟೇ ಕಂಟ್ರೋಲರಿಗೆ ತಿಳಿಯುತ್ತದೆ. ಅದು ಎಡದ್ದೋ ಬಲದ್ದೋ ಎಂಬುದು ತಿಳಿಯುವುದಿಲ್ಲ. ಹೀಗಾಗಿ ಮುಂದಿರುವ ಬದಿ ಸ್ವಿಚ್ಚನ್ನು ಮುಟ್ಟಿದ ಕ್ಷಣ ಎರಡೂ ಮೋಟಾರ್‌ಗಳು ನಿಲ್ಲುತ್ತವೆ, ಹಿಂದುಳಿದ ಬದಿ ಅಷ್ಟೇ ಹಿಂದೆ ಉಳಿಯುತ್ತದೆ.

ಓರೆ ಬದಲಾಗುವುದಕ್ಕೂ ಕಾರಣವಿದೆ. ವಿದ್ಯುತ್ ಬಂದೊಡನೆ ಪ್ರತಿ ಮೋಟಾರೂ ತನಗೆ ಹತ್ತಿರವಿರುವ, ಡ್ರೈವರಿನ (ಮೋಟಾರಿಗೆ ವಿದ್ಯುತ್ ಹರಿಸುವ ಸರ್ಕ್ಯೂಟಿನ) ಆರಂಭದ ಸ್ಥಿತಿಗೆ ಹೊಂದುವ ಜಾಗಕ್ಕೆ ತಿರುಗಿ ನಿಲ್ಲುತ್ತದೆ. ಒಂದು ಸುತ್ತಿಗೆ 200 ಹೆಜ್ಜೆಯ ಮೋಟಾರಿನಲ್ಲಿ ಇಂಥ ಜಾಗಗಳು ನಾಲ್ಕು ಹೆಜ್ಜೆಗೆ, ಅಂದರೆ 7.2 ಡಿಗ್ರಿಗೆ ಒಂದರಂತೆ ಇರುತ್ತವೆ. ಒಂದು ಸುತ್ತಿಗೆ 8 ಮಿ.ಮೀ. ಸಾಗುವ ಸ್ಕ್ರೂನಲ್ಲಿ ಅದು 0.16 ಮಿ.ಮೀ., 40 ಮಿ.ಮೀ. ಸಾಗುವ ಬೆಲ್ಟ್‌ನಲ್ಲಿ 0.8 ಮಿ.ಮೀ. ಗ್ಯಾಂಟ್ರಿಯನ್ನು ಕೈಯಿಂದ ನೇರ ಮಾಡಿ ಆನ್ ಮಾಡುವ ಪದ್ಧತಿ ನಂಬಲರ್ಹವಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇದನ್ನು ಸರಿಪಡಿಸಲು ಎರಡು ಮೋಟಾರ್‌ಗಳಿಗೂ ಪ್ರತ್ಯೇಕ ಸ್ಟೆಪ್ ಸಿಗ್ನಲ್ ಪಡೆಯುವ ಪ್ರತ್ಯೇಕ ಡ್ರೈವರ್, ಎರಡು ಸ್ವಿಚ್‌ಗಳಿಗೂ ಪ್ರತ್ಯೇಕ ಇನ್‌ಪುಟ್, ಜೊತೆಗೆ ಇವನ್ನು ಬಳಸಬಲ್ಲ ಫರ್ಮ್‌ವೇರ್ (ಕಂಟ್ರೋಲರಿನೊಳಗಿನ ತಂತ್ರಾಂಶ) ಬೇಕು. ಅಂಥ ಫರ್ಮ್‌ವೇರ್‌ಗಳಲ್ಲಿ ಒಂದಾದ ಜಿಆರ್‌ಬಿಎಲ್‌ನ 1.1ಎಚ್ ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಕಂಪೈಲ್ ಮಾಡುವಾಗ (ಮೂಲ ಕೋಡಿನಿಂದ ತಯಾರಿಸುವಾಗ) ಸಕ್ರಿಯಗೊಳಿಸಬೇಕು. ಜಿಆರ್‌ಬಿಎಲ್-ಹ್ಯಾಲ್ ಮತ್ತು ಫ್ಲೂಯಿಡ್‌ಎನ್‌ಸಿ ಎಂಬ ಫರ್ಮ್‌ವೇರ್‌ಗಳು ಇದನ್ನು ಇನ್ನೂ ಚೆನ್ನಾಗಿ ನಿಭಾಯಿಸುತ್ತವೆ. ಆಗ ಮೊದಲು ಸ್ವಿಚ್ ಮುಟ್ಟಿದ ಬದಿಯ ಮೋಟಾರ್ ಮಾತ್ರ ನಿಂತು, ಇನ್ನೊಂದು ತನ್ನ ಸ್ವಿಚ್ ಸಿಗುವವರೆಗೆ ಮುಂದುವರಿಯುತ್ತದೆ.

ಅಪಾಯವೂ ಅಲ್ಲಿಯೇ ಇದೆ. ಎಡ ಮತ್ತು ಬಲ ಸ್ವಿಚ್‌ಗಳ ತಂತಿಗಳು ಅದಲುಬದಲಾಗಿದ್ದರೆ, ಸ್ವಿಚ್ ಮುಟ್ಟಿದ ಬದಿಯೇ ಮುಂದಕ್ಕೆ ತಳ್ಳುತ್ತಾ ಹೋಗಿ, ನಿಲ್ಲಬಾರದ ಬದಿ ನಿಂತುಬಿಡುತ್ತದೆ, ಗ್ಯಾಂಟ್ರಿ ತಿರುಚಿಕೊಳ್ಳುತ್ತದೆ. ಆದ್ದರಿಂದ ಮೊದಲ ಪರೀಕ್ಷೆಗೆ ಮೋಟಾರನ್ನು ಲೀಡ್‌ಸ್ಕ್ರೂಗೆ ಜೋಡಿಸುವ ಎರಡೂ ಕಪ್ಲಿಂಗ್‌ಗಳ ಗ್ರಬ್ ಸ್ಕ್ರೂ (ಶಾಫ್ಟನ್ನು ಬಿಗಿಹಿಡಿಯುವ ಸಣ್ಣ ತಿರುಪು) ಸಡಿಲಿಸಿ, ಮೋಟಾರ್ ಶಾಫ್ಟ್‌ಗಳಿಗೆ ಬಾವುಟದಂತೆ ಟೇಪಿನ ತುಂಡು ಅಂಟಿಸಿ, ನಿಧಾನ ವೇಗದಲ್ಲಿ ಈ ಅಕ್ಷದ ಹೋಮಿಂಗ್ ಆರಂಭಿಸಿ. ಎಡ ಸ್ವಿಚ್ಚನ್ನು ಬೆರಳಿನಿಂದ ಒತ್ತಿದಾಗ ಎಡ ಶಾಫ್ಟ್‌ನ ಟೇಪು ನಿಲ್ಲಬೇಕು, ಬಲದ್ದು ತಿರುಗುತ್ತಿರಬೇಕು. ಎರಡನೆಯ ಸ್ವಿಚ್ ಒತ್ತದೇ ಬಿಟ್ಟರೆ ಜಿಆರ್‌ಬಿಎಲ್ ತನ್ನ ಮೂಲ ಹೊಂದಿಕೆಯಲ್ಲಿ ಹೆಚ್ಚೆಂದರೆ 25 ಮಿ.ಮೀ. ಹುಡುಕಿ ಅಲಾರಂ 10 ನೀಡುತ್ತದೆ. ಅದೂ ಬರುತ್ತದೆಯೇ ನೋಡಿಕೊಳ್ಳಿ.

ಇಷ್ಟಾದ ಮೇಲೂ ಮೂಲೆ ಲಂಬವಾಗಿಬಿಡುತ್ತದೆ ಎಂದು ತಿಳಿಯಬೇಡಿ. ಸ್ವಿಚ್‌ಗಳಿಗೆ ಲಂಬಕೋನದ ಅರಿವಿಲ್ಲ; ನೀವು ಅವನ್ನು ಎಲ್ಲಿ ಕೂರಿಸಿದ್ದೀರೋ ಅಲ್ಲಿಗೆ ಗ್ಯಾಂಟ್ರಿಯನ್ನು ಪ್ರತಿ ಸಲವೂ ಒಂದೇ ರೀತಿ ತರುವುದಷ್ಟೇ ಅವುಗಳ ಕೆಲಸ. ಉಳಿದ ಓರೆಯನ್ನು ನೀವು ಅಳೆದು ತೆಗೆಯಬೇಕು. ಮೂಲೆಮಟ್ಟ ಹಿಡಿದು ನೋಡುವುದಕ್ಕಿಂತ ರಂಧ್ರ ಕೊರೆದು ಕರ್ಣ ಅಳೆಯುವುದು ಹೆಚ್ಚು ನಿಖರ. ಎಕ್ಸ್ ದಿಕ್ಕಿನಲ್ಲಿ 400, ವೈ ದಿಕ್ಕಿನಲ್ಲಿ 300 ಮಿ.ಮೀ. ಅಂತರದಲ್ಲಿ ನಾಲ್ಕು ರಂಧ್ರ ಕೊರೆದರೆ ಕರ್ಣಗಳೆರಡೂ 500 ಮಿ.ಮೀ. ಇರಬೇಕು. ಅವುಗಳ ನಡುವೆ 1.2 ಮಿ.ಮೀ. ವ್ಯತ್ಯಾಸ ಬಂದಿತೆನ್ನಿ. ಅದನ್ನು 500ರಿಂದ ಗುಣಿಸಿ, 300ರ ಎರಡರಷ್ಟರಿಂದ ಭಾಗಿಸಿದರೆ 400 ಮಿ.ಮೀ. ಅಗಲದಲ್ಲಿ ಗ್ಯಾಂಟ್ರಿ 1 ಮಿ.ಮೀ. ಓರೆಯಿದೆ ಎಂದು ಸಿಗುತ್ತದೆ. ನಿಮ್ಮ ಎರಡು ಲೀಡ್‌ಸ್ಕ್ರೂಗಳ ನಡುವೆ 600 ಮಿ.ಮೀ. ಇದ್ದರೆ ತಿದ್ದಬೇಕಾದದ್ದು 1.5 ಮಿ.ಮೀ.

ಈ ಅಂಕಿಯನ್ನು ಜಿಆರ್‌ಬಿಎಲ್-ಹ್ಯಾಲ್‌ನಲ್ಲಿ ವೈ ಅಕ್ಷಕ್ಕಾಗಿರುವ $171 ಎಂಬ ಸೆಟ್ಟಿಂಗ್‌ನಲ್ಲಿ ಬರೆಯಬಹುದು. ಫ್ಲೂಯಿಡ್‌ಎನ್‌ಸಿಯಲ್ಲಿ ಸ್ವಿಚ್‌ನಿಂದ ಹಿಂದೆ ಸರಿಯುವ ದೂರವನ್ನು ಪ್ರತಿ ಮೋಟಾರಿಗೂ ಬೇರೆಬೇರೆಯಾಗಿ ಕೊಡಬಹುದು. ಮೂಲ ಜಿಆರ್‌ಬಿಎಲ್‌ನಲ್ಲಾದರೆ ಸ್ವಿಚ್ಚನ್ನೇ ಸರಿಸಬೇಕು. ಸ್ವಿಚ್ ಒತ್ತುವ ಜಾಗದಲ್ಲಿ ಒಂದು ಸಣ್ಣ ತಿರುಪು ಇಟ್ಟುಕೊಂಡಿದ್ದರೆ ಈ ಕೆಲಸ ಸುಲಭ. ತಿದ್ದಿದ ಮೇಲೆ ಮತ್ತೆ ಹೋಮಿಂಗ್ ಮಾಡಿ, ಹೊಸ ಹಲಗೆಯಲ್ಲಿ ಕೊರೆದು ಅಳೆಯಿರಿ. ವ್ಯತ್ಯಾಸ ಎರಡರಷ್ಟಾಗಿದ್ದರೆ ಚಿಹ್ನೆ ತಿರುಗುಮುರುಗಾಗಿದೆ ಎಂದರ್ಥ.

ಒಂದು ಎಚ್ಚರಿಕೆ. ವಿದ್ಯುತ್ ಆರಿಸಿ, ಕಪ್ಲಿಂಗ್ ಸಡಿಲಿಸಿದಾಗ ಗ್ಯಾಂಟ್ರಿ ತಾನಾಗಿ ಓರೆಗೆ ಮರಳಿದರೆ ದೋಷ ಚೌಕಟ್ಟಿನದು. ಅದನ್ನು ಮೋಟಾರ್‌ಗಳ ಬಲದಿಂದ ನೇರ ಹಿಡಿದಿಡುವುದು ಸರಿಯಲ್ಲ. ಗ್ಯಾಂಟ್ರಿಯ ಬೋಲ್ಟ್‌ಗಳನ್ನು ಸಡಿಲಿಸಿ, ಸರಿಹೊಂದಿಸಿ, ಬಿಗಿದ ನಂತರವೇ ಅಳತೆಗೆ ಕೈಹಾಕಿ. ಜಿಆರ್‌ಬಿಎಲ್‌ನಲ್ಲಿ $1 ಎಂಬ ಸೆಟ್ಟಿಂಗ್‌ನ ಮೌಲ್ಯವನ್ನು 255 ಮಾಡಿದರೆ ಕೆಲಸಗಳ ನಡುವಿನ ಬಿಡುವಿನಲ್ಲೂ ಮೋಟಾರ್‌ಗಳು ಹಿಡಿತ ಬಿಡುವುದಿಲ್ಲ, ಹೋಮಿಂಗ್‌ನಲ್ಲಿ ಪಡೆದ ಸ್ಥಾನ ಉಳಿಯುತ್ತದೆ.