ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನ ಹಳೇ ಕಾಲದ್ದಾ? ಹತ್ತೋಕೆ ಭಯಪಡಬೇಕಾ?

ಭಯ ಬೇಡ, ಹಳೇ ಕಾಲದ್ದೂ ಅಲ್ಲ. ಇಂಡಿಗೋ ಓಡಿಸುವ ಎಟಿಆರ್ 72-600ರಲ್ಲಿ ಆ ಪ್ರೊಪೆಲ್ಲರ್ ತಿರುಗಿಸುವುದು ಜೆಟ್‌ನಲ್ಲಿರುವಂಥದೇ ಟರ್ಬೈನ್ ಎಂಜಿನ್. ವೇಗ ಗಂಟೆಗೆ ಸುಮಾರು 500 ಕಿ.ಮೀ., ಏರ್‌ಬಸ್ ಎ320 ಜೆಟ್ ವಿಮಾನಕ್ಕಿಂತ ಕಡಿಮೆ, ನಿಜ. ಆದರೆ ಸಣ್ಣ ದೂರಕ್ಕೆ ಅದರಿಂದ ತಡವಾಗುವುದು ಕೆಲವೇ ನಿಮಿಷ, ಇಂಧನ ಮಾತ್ರ ಚೆನ್ನಾಗಿ ಉಳಿಯುತ್ತದೆ. ಮೈಸೂರಿನ 1,740 ಮೀಟರ್‌ನ ಚಿಕ್ಕ ರನ್‌ವೇಗೆ ಹೇಳಿ ಮಾಡಿಸಿದ ವಿಮಾನ ಇದು.

ಸದ್ದು, ನಡುಕ ಸ್ವಲ್ಪ ಜಾಸ್ತಿ. ಬೇಡ ಅನಿಸಿದರೆ ಹಿಂದಿನ ಸೀಟು ತಗೊಳ್ಳಿ. ನನಗಂತೂ ರೆಕ್ಕೆಯ ಹತ್ತಿರದ ಕಿಟಕಿಯೇ ಬೇಕು. ರೆಕ್ಕೆ ಕಿಟಕಿಯ ಮೇಲಿರುತ್ತೆ, ಹಾಗಾಗಿ ಕೆರೆ, ತೋಟ ಎಲ್ಲ ಕಾಣುತ್ತೆ. ಇಳಿಯುವಾಗ ಚಕ್ರ ಹೊರಬಂದು ರನ್‌ವೇ ಮುಟ್ಟಿ ಹೊಗೆ ಎಬ್ಬಿಸುವುದನ್ನು ಕೂತಲ್ಲೇ ನೋಡಬಹುದು. ಎ320ಯಲ್ಲಿ ಅದು ಸಿಗೋದಿಲ್ಲ!