ಕಬ್ಬಿಣ, ಕಿಲೋ, ಕಾಯುವಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಮೋವಾದ ವೇಟ್‌ಲಿಫ್ಟರ್ ಎಲೆ ಒಪೆಲೊಂಗೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರು ಅಂತ ಒಂದು ಕಡೆ, ಬೆಳ್ಳಿ ಗೆದ್ದವರು ಅಂತ ಇನ್ನೊಂದು ಕಡೆ ಓದಿದೆ. ಯಾವುದು ಸರಿ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಸರಿ. ಮಹಿಳೆಯರ 75 ಕಿಲೋ ಮೇಲ್ಪಟ್ಟ ವಿಭಾಗದಲ್ಲಿ ದಕ್ಷಿಣ ಕೊರಿಯಾದ ಜಾಂಗ್ ಮಿ-ರಾನ್ ಒಟ್ಟು 326 ಕಿಲೋ ಎತ್ತಿ ಯಾರ ಕೈಗೂ ಸಿಗದಷ್ಟು ಮುಂದೆ ಹೋದರು. ಉಕ್ರೇನಿನ ಓಲ್ಹಾ ಕೊರೊಬ್ಕಾ 277, ಕಜಕಸ್ತಾನದ ಮರಿಯಾ ಗ್ರಾಬೊವೆಟ್ಸ್‌ಕಾಯಾ 270, ಎಲೆ 269. ಅಂದರೆ ಅಂದು ಕಂಚು ತಪ್ಪಿದ್ದು ಒಂದೇ ಕಿಲೋದಿಂದ.

ಆದರೆ ಉದ್ದೀಪನ ಮದ್ದಿನ ಪರೀಕ್ಷೆಗೆಂದು ಅಂದು ಪಡೆದ ಮೂತ್ರದ ಮಾದರಿಗಳನ್ನು ಎಸೆದಿರಲಿಲ್ಲ. ಆಗಿನ ನಿಯಮದಂತೆ 8 ವರ್ಷದವರೆಗೆ ಅವನ್ನು ಮತ್ತೆ ಪರೀಕ್ಷಿಸಬಹುದಿತ್ತು. ಟ್ಯುರಿನಬಾಲ್‌ನಂಥ ನಿಷೇಧಿತ ಸ್ಟೆರಾಯ್ಡ್ ಕೆಲವೇ ದಿನಗಳಲ್ಲಿ ಹಳೆಯ ಪರೀಕ್ಷೆಯ ಕಣ್ಣಿಗೆ ಬೀಳದಂತಾಗುತ್ತದೆ. ಅದು ದೇಹದಲ್ಲಿ ಒಡೆದಾಗ ಉಂಟಾಗುವ ಕೆಲವು ಅಂಶಗಳು ಮಾತ್ರ ವಾರಗಟ್ಟಲೆ ಉಳಿಯುತ್ತವೆ. ಇವನ್ನು ಪತ್ತೆಹಚ್ಚುವ ವಿಧಾನ ಬಂದದ್ದು ಬೀಜಿಂಗ್ ಕೂಟ ಮುಗಿದ ಮೇಲೆ. 2016ರ ಮರುಪರೀಕ್ಷೆಯಲ್ಲಿ ಕೊರೊಬ್ಕಾ, ಗ್ರಾಬೊವೆಟ್ಸ್‌ಕಾಯಾ ಇಬ್ಬರೂ ಅನರ್ಹರಾದರು. ಎಲೆಗೆ ಬೆಳ್ಳಿ, 265 ಕಿಲೋ ಎತ್ತಿದ್ದ ನೈಜೀರಿಯಾದ ಮರಿಯಂ ಉಸ್ಮಾನ್‌ಗೆ ಕಂಚು. ಸಮೋವಾಕ್ಕೆ ಅದು ಮೊದಲ ಒಲಿಂಪಿಕ್ ಪದಕ. ನ್ಯಾಯವೇನೋ ಸಿಕ್ಕಿತು, ವೇದಿಕೆ ಹತ್ತುವ ಗಳಿಗೆ 8 ವರ್ಷ ಹಿಂದೆಯೇ ಕಳೆದುಹೋಗಿತ್ತು.

(ಹೆಸರಿನ ‘ಎಲೆ’ಗೂ ನಮ್ಮ ಬಾಳೆಎಲೆಗೂ ನಂಟಿಲ್ಲ! ಸಮೋವಾ ಭಾಷೆಯಲ್ಲಿ ‘ಜಿ’ ಅಕ್ಷರವನ್ನು ಮೂಗಿನಿಂದ ಹೇಳುತ್ತಾರೆ, ಹಾಗಾಗಿ ಒಪೆಲೋಗೆ ಅಲ್ಲ, ಒಪೆಲೊಂಗೆ.)

ಪ್ರಶ್ನೆ: ಒಂದೇ ಕಿಲೋ ಕಡಿಮೆಯೆಂದರೆ, ಕೊನೆಗೆ ಒಂದು ಕಿಲೋ ಜಾಸ್ತಿ ಹಾಕಿಸಿ ಎತ್ತಬಾರದಿತ್ತೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಎತ್ತಿದ್ದರೂ ಸಮ ಆಗುತ್ತಿತ್ತು, ಅಷ್ಟೆ. ಆಗ ಒಟ್ಟು ತೂಕ ಸಮವಾದರೆ ದೇಹತೂಕ ಕಡಿಮೆ ಇದ್ದವರು ಮೇಲೆ. ಮೇಲಿನ ಮಿತಿಯೇ ಇಲ್ಲದ ವಿಭಾಗದಲ್ಲೂ ಸ್ಪರ್ಧೆಗೆ ಮುಂಚೆ ದೇಹ ತೂಗುತ್ತಿದ್ದುದು ಬರೀ ಶಾಸ್ತ್ರಕ್ಕಲ್ಲ. ಈಗ ಆ ನಿಯಮ ಹೋಗಿದೆ. ಅಷ್ಟು ತೂಕವನ್ನು ಯಾರು ಮೊದಲು ಮುಟ್ಟಿದರೋ ಅವರು ಮುಂದೆ.

ಇನ್ನು ಅವಕಾಶಗಳ ಲೆಕ್ಕ. ಸ್ನ್ಯಾಚ್‌ಗೆ (ಬಾರನ್ನು ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವುದು) ಮೂರು, ಕ್ಲೀನ್ ಆಂಡ್ ಜರ್ಕ್‌ಗೆ (ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲೆ) ಮೂರು. ಎರಡರಲ್ಲೂ ಅತ್ಯುತ್ತಮವಾದುದನ್ನು ಕೂಡಿಸಿದರೆ ಒಟ್ಟು. ಬಾರ್ ಮೇಲಿನ ತೂಕ ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಎತ್ತಲಾಗದಿದ್ದರೆ ಅದೇ ತೂಕ ಅಥವಾ ಹೆಚ್ಚಿನದನ್ನು ಕೇಳಬಹುದು, ಕಡಿಮೆಯದನ್ನಲ್ಲ. ಅನೇಕರು ಎಡವುವುದು ಇಲ್ಲೇ: ಆಸೆಬುರುಕ ಆರಂಭ. ಸ್ನ್ಯಾಚ್‌ನಲ್ಲಿ 120 ಎತ್ತಬಲ್ಲವರು 110–112ರಿಂದ ಶುರುಮಾಡುವುದು ಜಾಣತನ. ಮೈ ಸರಿಯಿಲ್ಲದ ದಿನವೂ ಏಳುವ ತೂಕ ಅದಾಗಿರಬೇಕು. ಸ್ನ್ಯಾಚ್‌ನ ಮೂರೂ ಪ್ರಯತ್ನ ಹಾಳಾದರೆ ಒಟ್ಟು ತೂಕವೇ ಇಲ್ಲ.

ಪ್ರಶ್ನೆ: ಟಿವಿಯಲ್ಲಿ ಬಾರ್ ಮೇಲೆ 150 ಕಿಲೋ ಎಂದು ತೋರಿಸುತ್ತಾರೆ. ಪ್ಲೇಟ್‌ಗಳನ್ನು ಕೂಡಿಸಿದರೆ ನನಗೆ 130 ಮಾತ್ರ ಬರುತ್ತದೆ.
– ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ನಿಮ್ಮ ಕೂಡಿಕೆಯಲ್ಲಿ ತಪ್ಪಿಲ್ಲ, ಬಾರ್ ಮರೆತಿದ್ದೀರಿ. ಮಹಿಳೆಯರ ಬಾರ್ 15 ಕಿಲೋ, ಪ್ಲೇಟ್ ಜಾರದಂತೆ ಹಿಡಿಯುವ ಎರಡು ತುದಿಯ ಬಿಗಿಗಳು ತಲಾ ಎರಡೂವರೆ. ಅಲ್ಲಿಗೆ 20. ಉಳಿದ 130ಕ್ಕೆ ಒಂದೊಂದು ಬದಿಗೆ 65: ಕೆಂಪು 25ರ ಎರಡು, ಹಳದಿ 15ರ ಒಂದು. ಪುರುಷರ ಬಾರ್ 20 ಕಿಲೋ.

ಪ್ರಶ್ನೆ: ಬಾರ್ ತಲೆಯ ಮೇಲೆ ನಿಂತರೂ ಕೆಂಪು ದೀಪ ಯಾಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಹೆಚ್ಚಿನ ಸಲ ಮೊಣಕೈ ಕಾರಣ. ಬಾರ್ ಕೆಳಗೆ ತೋಳು ಒಮ್ಮೆಲೇ ನೆಟ್ಟಗಾಗಬೇಕು. ಬಾಗಿಸಿ ಆಮೇಲೆ ಒತ್ತಿ ಚಾಚಿದರೆ ತಪ್ಪು. ರೆಫರಿ ಸನ್ನೆಗೆ ಮುಂಚೆ ಇಳಿಸಿದರೂ ಅಷ್ಟೇ. ಕೆಂಪು ದೀಪವೆಂದರೆ ತಪ್ಪು, ಬಿಳಿಯೆಂದರೆ ಸರಿ; ಮೂವರು ರೆಫರಿಗಳಲ್ಲಿ ಇಬ್ಬರ ಬಿಳಿ ದೀಪ ಬಿದ್ದರೆ ಸಾಕು.

ಪ್ರಶ್ನೆ: ಎಲೆ ಭಾರತದಲ್ಲಿ ಸ್ಪರ್ಧಿಸಿದ್ದಾರೆಯೇ?
– ಓದುಗರು, ಕುಂದಾಪುರ

ಉತ್ತರ: 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದರು, ಸಹೋದರ ನಿಯುಸಿಲಾ 105 ಕಿಲೋ ವಿಭಾಗದಲ್ಲಿ ಇನ್ನೊಂದು ಚಿನ್ನ. ಮನೆತನದ ಮತ್ತೊಬ್ಬರಾದ ಡಾನ್ ಒಪೆಲೊಂಗೆ 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 381 ಕಿಲೋ ಎತ್ತಿ, 346 ಎತ್ತಿದ ನಮ್ಮ ವಿಕಾಸ್ ಠಾಕೂರ್‌ರನ್ನು ಬೆಳ್ಳಿಗೆ ನಿಲ್ಲಿಸಿದರು. ಅದೇ ಕೂಟದಲ್ಲಿ ನಿಮ್ಮೂರ ಕಡೆಯ ಗುರುರಾಜ ಪೂಜಾರಿ 61 ಕಿಲೋ ವಿಭಾಗದಲ್ಲಿ ಕಂಚು ಪಡೆದದ್ದು ನಿಮಗೆ ಗೊತ್ತೇ ಇದೆ. ಬೀಜಿಂಗ್‌ನಲ್ಲಿ ಎಲೆ ಎತ್ತಿದಂತೆ ಅವರ ಒಟ್ಟು ತೂಕವೂ 269.