ಮಗಳ ಎದೆಹಾಲು ಮತ್ತು ಹೊಳೆಯುವ ಬ್ಯಾಕ್ಟೀರಿಯಾ

ಪ್ರಶ್ನೆ: ಮಗಳಿಗೆ ಹೆರಿಗೆಯಾಗಿ ಇಪ್ಪತ್ತು ದಿನ. ಬಾಣಂತನಕ್ಕೆ ನಮ್ಮಲ್ಲೇ ಇದ್ದಾಳೆ. ಎದೆಹಾಲಿನ ಸಕ್ಕರೆ ಸಿಕ್ಕರೆ ಹೊಳೆಯುವ ಬ್ಯಾಕ್ಟೀರಿಯಾ ಮಾಡಿದ್ದಾರೆ ಎಂದು ಓದಿದೆ. ಇಲ್ಲಿನ ಕಡಲು ಕೆಲವು ರಾತ್ರಿ ನೀಲಿಯಾಗಿ ಹೊಳೆಯುತ್ತದಲ್ಲ, ಹಾಗೇನಾ? ಮಗಳ ಹಾಲನ್ನೂ ಹೀಗೆ ಪರೀಕ್ಷೆ ಮಾಡಿಸಬಹುದಾ?
– ಓದುಗರು, ಮಲ್ಪೆ

ಉತ್ತರ: ಮೊದಲು ಬಾಣಂತಿ, ಮಗು ಇಬ್ಬರಿಗೂ ನನ್ನ ಹಾರೈಕೆ.

ಕಡಲಿನ ಹೊಳಪು ಬೇರೆ. ಅಲ್ಲಿ ಅಲೆ ಕದಡಿದಾಗ ಸಣ್ಣ ಜೀವಿಗಳು ತಾವೇ ಬೆಳಕು ಸೂಸುತ್ತವೆ. ಈ ಬ್ಯಾಕ್ಟೀರಿಯಾ ಕತ್ತಲಲ್ಲಿ ಸುಮ್ನೆ ಇಟ್ಟರೆ ಹೊಳೆಯುವುದಿಲ್ಲ. ಬ್ಯಾಂಕಿನಲ್ಲಿ ನೋಟನ್ನು ಯುವಿ ದೀಪಕ್ಕೆ ಹಿಡಿದಾಗ ನಂಬರ್ ಹೊಳೆಯುತ್ತದೆ, ಅಲ್ವಾ? ಹಾಗೆ. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ಪ್ರೋಟೀನ್ ಇದರೊಳಗಿದೆ. ಅದು ಮೊದಲು ಸಿಕ್ಕಿದ್ದು ಒಂದು ಜೆಲ್ಲಿಫಿಶ್‌ನಲ್ಲಿ. 2008ರ ರಸಾಯನಶಾಸ್ತ್ರದ ನೊಬೆಲ್ ಅದಕ್ಕೇ ಬಂತು.

ಎದೆಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಮಾಮೂಲಿ ಸಕ್ಕರೆ ಬಿಟ್ಟು 150ಕ್ಕೂ ಜಾಸ್ತಿ ಬಗೆಯ ವಿಶೇಷ ಸಕ್ಕರೆಗಳಿವೆ. ಮಗುವಿಗೆ ಅವು ಜೀರ್ಣವಾಗುವುದಿಲ್ಲ, ಅದರ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತವೆ. ಎಷ್ಟು ಸಲ ಓದಿದರೂ ನನಗಿದು ಬೆರಗೇ.

ಇವನ್ನು ಪತ್ತೆ ಮಾಡುವ ಉಪಾಯ ಚೆಂದ ಇದೆ. ಇ. ಕೊಲಿ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸ್ ಸಿಕ್ಕಾಗ ಆನ್ ಆಗುವ ಸ್ವಿಚ್ಚು ಮೊದಲಿಂದಲೂ ಇದೆ. ವಿಜ್ಞಾನಿಗಳು ಹಸಿರು ಪ್ರೋಟೀನಿನ ಜೀನನ್ನು ಅದಕ್ಕೆ ಜೋಡಿಸಿದರು. ಈಗ ಫ್ಯೂಕೋಸಿಲ್‌ಲ್ಯಾಕ್ಟೋಸ್ ಎಂಬ ವಿಶೇಷ ಸಕ್ಕರೆ ತೆಗೆದುಕೊಳ್ಳಿ. ಹೆಸರಲ್ಲೇ ಇದೆ, ಲ್ಯಾಕ್ಟೋಸಿಗೆ ಫ್ಯೂಕೋಸ್ ಎಂಬ ಇನ್ನೊಂದು ಸಕ್ಕರೆಯ ಬಾಲ. ಆ ಬಾಲವನ್ನಷ್ಟೇ ಕತ್ತರಿಸುವ ಕಿಣ್ವದ ಜೀನನ್ನೂ ಒಳಗೆ ಸೇರಿಸಿದರು. ಬಾಲ ಕಳಚಿತು, ಲ್ಯಾಕ್ಟೋಸ್ ಉಳಿಯಿತು, ಸ್ವಿಚ್ಚು ಆನ್ ಆಯಿತು, ಹಸಿರು ಬಂತು. ಬೇರೆ ಬಾಲಕ್ಕೆ ಬೇರೆ ಕತ್ತರಿ.

ಮಗಳ ಹಾಲಿಗೆ ಇದು ಬೇಡ. ಎದೆಹಾಲಿನಲ್ಲಿ ಲೀಟರಿಗೆ ಸುಮಾರು 70 ಗ್ರಾಂ ಲ್ಯಾಕ್ಟೋಸ್ ಹೇಗೂ ಇದೆ. ಹಾಲನ್ನು ಹಾಗೇ ಹಾಕಿದರೆ ಸ್ವಿಚ್ಚು ಅದಕ್ಕೇ ಆನ್ ಆಗಿಬಿಡುತ್ತದೆ. ಇದರ ನಿಜವಾದ ಉಪಯೋಗ ಲ್ಯಾಬಿನಲ್ಲಿ. ಮಕ್ಕಳ ಹಾಲಿನ ಪುಡಿಗೆ ಸೇರಿಸುವ ಫ್ಯೂಕೋಸಿಲ್‌ಲ್ಯಾಕ್ಟೋಸನ್ನು ಇ. ಕೊಲಿಯಿಂದಲೂ ತಯಾರಿಸುತ್ತಾರೆ. ಸಾವಿರಾರು ತಳಿಗಳಲ್ಲಿ ಯಾವುದು ಜಾಸ್ತಿ ಕೊಡುತ್ತದೆ ಎಂದು ಬೇಗ ಆರಿಸಲು ಈ ಹಸಿರು ಬೆಳಕು ಸಹಾಯ ಮಾಡುತ್ತದೆ.

ಕೆಲವು ತಾಯಂದಿರ ಹಾಲಿನಲ್ಲಿ ಈ ಸಕ್ಕರೆ ಹೆಚ್ಚುಕಡಿಮೆ ಇರುವುದೇ ಇಲ್ಲ. ಅದು ಹುಟ್ಟಿನಿಂದ ಬಂದ ಜೀನಿನ ಮಾತು. ಮೆಂತೆ ಗಂಜಿ ಎಷ್ಟು ಉಣಿಸಿದರೂ ಬದಲಾಗದು, ಬದಲಾಗಬೇಕಾಗಿಯೂ ಇಲ್ಲ. ಆ ಹಾಲು ಕುಡಿದ ಮಕ್ಕಳೂ ಚೆನ್ನಾಗಿ ಬೆಳೆಯುತ್ತಾರೆ. ಮಗು ದಿನಕ್ಕೆ ಆರೇಳು ಸಲ ಉಚ್ಚೆ ಮಾಡುತ್ತಾ, ತೂಕ ಏರುತ್ತಾ ಇದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ತೂಕ ಏರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.